ಸ್ಕ್ರೂ ಹೊಲಿದ ಕಪ್ಪು ಬಟ್ಟೆ

ಜನಗಣತಿಯವರು ಮನೆಗೆ ಬಂದು ಉದ್ಯೋಗ ಕೇಳಿದಾಗ ನಾನು "ಹೌಸ್‌ವೈಫ್" ಎಂದೇ ಬರೆಸಿದ್ದೆ. ಡೊಂಬಿವಲಿ ಪೂರ್ವದ ನಮ್ಮ ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಹಿಂದೆ ಕುಳಿತು ಆಗಲೇ ನನಗೆ ಎಷ್ಟೋ ವರ್ಷವಾಗಿತ್ತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬೆಳಿಗ್ಗೆ ಅನ್ನ, ಸಾರು, ಮಗಳ ಡಬ್ಬಿ, ಆಮೇಲೆ ಅಂಗಡಿ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಮನೆ. ನಡುವಿನದನ್ನು ಕೆಲಸವೆಂದು ಯಾರೂ ಕರೆದಿರಲಿಲ್ಲ, ನಾನೂ ಕರೆದಿರಲಿಲ್ಲ. ಈಗ ಕೌಂಟರನ್ನು ಮೈದುನನ ಸೊಸೆ ಶ್ರದ್ಧಾಳಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತ ಮೇಲೆ, ಒಂದು ಮಧ್ಯಾಹ್ನ ಹೊಲಿಗೆ ಡಬ್ಬಿಯ ಗುಂಡಿಗಳನ್ನೆಲ್ಲ ಸುರಿದುಕೊಂಡು ದಪ್ಪ ನೋಡಿ ಬೇರೆ ಬೇರೆ ಗುಡ್ಡೆ ಮಾಡುತ್ತಿದ್ದೆ. ಗಂಡ ಬಾಗಿಲಲ್ಲಿ ನಿಂತು ನೋಡಿ, ಇಪ್ಪತ್ತೊಂಬತ್ತು ವರ್ಷ ಮಾಡಿದ್ದು ಅಷ್ಟು ಬೇಗ ಕೈ ಬಿಡುವುದಿಲ್ಲ ಎಂದರು. ಅದು ಕೆಲಸವಾಗಿತ್ತು ಎಂದು ನನಗೆ ತಿಳಿದದ್ದು ಆ ದಿನ.

ಶ್ರದ್ಧಾ ಕಲ್ಯಾಣದ ಮರಾಠಿ ಹುಡುಗಿ. ನಮ್ಮ ಮನೆಗೆ ಬಂದು ಮೂರು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ನನ್ನನ್ನು ಕರೆಯುವುದು ಕಾಕೂ, ದೊಡ್ಡಮ್ಮ, ಎಂದು. ಓದಲಂತೂ ಬಾರದು. ಹಾಗಾಗಿ ಇದನ್ನು ಬರೆದು ನಾನೇ ಅವಳಿಗೆ ಓದಿ ಹೇಳುವುದೆಂದು ಮಾತಾಗಿದೆ. ಅವಳಂತೆಯೇ ಇಂಥ ಕೌಂಟರಿನ ಹಿಂದೆ ಹೊಸದಾಗಿ ಕೂರುವ ಬೇರೆ ಹೆಣ್ಣುಮಕ್ಕಳೂ ಎಲ್ಲಾದರೂ ಇದ್ದಾರು. ಅವರಿಗೂ ಇರಲಿ.

ಉಡುಪಿ ಕಡೆಯಿಂದ ಬಂದ ನಮ್ಮವರಲ್ಲಿ ಹೆಚ್ಚಿನವರು ಹೋಟೆಲಿನವರು. ನಮ್ಮ ಮಾವನೂ ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತವರೇ. ಹಾಲು ಒಡೆಯುತ್ತದೆ, ಸಾಂಬಾರು ಹಳಸುತ್ತದೆ, ಸ್ಕ್ರೂ ಹಳಸುವುದಿಲ್ಲ ಎಂದು ಹೇಳಿ ಹಾರ್ಡ್‌ವೇರ್ ಅಂಗಡಿ ಹಾಕಿದರಂತೆ. ಅದು ಪೂರ್ತಿ ನಿಜವಲ್ಲ ಎಂದು ಮುಂದೆ ಬರುತ್ತದೆ.

ನಾನು ಅಂಗಡಿಗೆ ಹೋದದ್ದು ಹದಿನೈದು ದಿನದ ಮಟ್ಟಿಗೆ. ಮಾವನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಗಂಡ ಊಟಕ್ಕೆ ಬಂದು ಹೋಗುವಷ್ಟು ಹೊತ್ತು ನಾನು ಕೂತರೆ ಸಾಕು ಎಂದಿತ್ತು. ಹದಿನೈದು ದಿನ ಕಳೆದು ಮಾವ ಹೊಸ ಕನ್ನಡಕ ಹಾಕಿಕೊಂಡು ಬಂದರು. ಯಾರೂ ನನಗೆ ಇನ್ನು ಸಾಕು ಎನ್ನಲಿಲ್ಲ, ನಾನು ಕೇಳಲೂ ಇಲ್ಲ.

ಮೊದಲ ವಾರ ನನಗೆ ಏನೂ ಅರ್ಥವಾಗುತ್ತಿರಲಿಲ್ಲ. ಬಡಗಿಗಳು ಬಂದು "ದೀಡ್ ಇಂಚ್, ಆಠ್ ನಂಬರ್" ಎನ್ನುತ್ತಿದ್ದರು. ದೀಡ್ ಎಂದರೆ ಒಂದೂವರೆ ಇಂಚು ಉದ್ದ, ಅದು ಸರಿ. ಎಂಟು ನಂಬರು ಏನೆಂದು ಕೇಳಲು ನಾಚಿಕೆ. ನಂಬರು ಸ್ಕ್ರೂವಿನ ದಪ್ಪ ಎಂದೂ, ನಂಬರು ಏರಿದಷ್ಟು ಮೈ ದಪ್ಪ ಎಂದೂ ಒಂದು ಸಂಜೆ ಎಲ್ಲ ಡಬ್ಬಿಗಳನ್ನು ತೆಗೆದು ಬೆರಳಲ್ಲಿ ಹಿಡಿದು ನೋಡಿ ಕಂಡುಕೊಂಡೆ. ಹಿತ್ತಾಳೆಯದೆಂದು ಬಂದದ್ದು ನಿಜವಾಗಿ ಹಿತ್ತಾಳೆಯೋ, ಮೇಲೆ ಬಣ್ಣ ಕುಡಿಸಿದ ಕಬ್ಬಿಣವೋ ಎಂದು ಮಗಳ ಕಂಪಾಸ್ ಪೆಟ್ಟಿಗೆಯ ಅಯಸ್ಕಾಂತದಿಂದ ನೋಡುವುದೂ ಹಾಗೆಯೇ ಬಂತು. ಮಾಲು ತರುವವನು ಆ ಅಯಸ್ಕಾಂತವನ್ನು ಕಂಡರೆ ನನ್ನ ಕಡೆ ನೋಡದೆ ಮಾವನ ಹತ್ತಿರ ಮಾತಾಡುತ್ತಿದ್ದ.

ಆದರೆ ಗಿರಾಕಿಗಳಿಗೂ ನಂಬರು ಗೊತ್ತಿರುತ್ತಿರಲಿಲ್ಲ. ಮನೆಯ ಹೆಂಗಸರು ಬಂದು ಎರಡು ಬೆರಳು ಅಗಲಿಸಿ "ಇಷ್ಟುದ್ದದ್ದು" ಎನ್ನುವರು. ಮೆಟ್ಟಿಲಿಳಿದು ಬರುವಷ್ಟರಲ್ಲಿ ಆ ಬೆರಳು ಅರ್ಧ ಇಂಚು ಹೆಚ್ಚುಕಡಿಮೆ ಆಗಿರುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಊರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಆಗ್ನೆಸ್ ನಮಗೆ ಕಸೂತಿ ಕಲಿಸುತ್ತಿದ್ದರು. ಒಂದೇ ಬಟ್ಟೆಯ ಮೇಲೆ ಕಲಿತ ಎಲ್ಲ ಹೊಲಿಗೆಗಳ ಮಾದರಿ ಸಾಲಾಗಿ ಹಾಕಬೇಕು. ಸಿಸ್ಟರ್ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ; ಬಟ್ಟೆಯನ್ನು ತಿರುಗಿಸಿ ಹಿಂಭಾಗ ನೋಡಿ ಮಾರ್ಕು ಕೊಡುತ್ತಿದ್ದರು. ಅದೇ ರೀತಿ ನಾನು ಒಂದು ಗಜ ಕಪ್ಪು ಬಟ್ಟೆ ತಂದು, ಅಂಗಡಿಯಲ್ಲಿದ್ದ ಸ್ಕ್ರೂಗಳಲ್ಲಿ ಒಂದೊಂದನ್ನು ಸಾಲಾಗಿ ಹೊಲಿದೆ. ತಲೆಯ ಕೆಳಗೆ ಎರಡು ಸುತ್ತು, ಮೊನೆಯ ಹತ್ತಿರ ಎರಡು ಸುತ್ತು, ಅಡಿಯಲ್ಲಿ ಹಳದಿ ದಾರದಿಂದ ಉದ್ದ ಮತ್ತು ನಂಬರು. ಅದನ್ನು ಕೌಂಟರಿನ ಮುಂದೆ ತೂಗುಹಾಕಿದೆವು. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಚಂದ ಉಂಟು," ಎಂದರು. "ಮದುವೆ ಮನೆಯಲ್ಲಿ ಹಾಕ್ಲಿಕ್ಕೂ ಆದೀತು."

ತಮಾಷೆಯೋ ಮೆಚ್ಚುಗೆಯೋ ತಿಳಿಯಲಿಲ್ಲ. ಆದರೆ ಅಂದಿನಿಂದ ಗಿರಾಕಿಗಳು ಬಟ್ಟೆಯ ಮೇಲೆ ಬೆರಳಿಡುವರು, ನಾನು "ಎಷ್ಟು?" ಎಂದು ಕೇಳುವೆ, ಕಾಗದದಲ್ಲಿ ಕಟ್ಟಿಕೊಡುವೆ. ಕೆಲಸ ಎಷ್ಟು ಸಲೀಸಾಯಿತೆಂದರೆ, ಬಟ್ಟೆಯೇ ಅರ್ಧ ಮಾತಾಡುತ್ತಿತ್ತು.

ನಮ್ಮ ಅಂಗಡಿಯ ಮೆಟ್ಟಿಲು ವಿಠ್ಠಲ ಮಿಸ್ತ್ರಿಯ ಆಫೀಸು. ದಿವಾದಿಂದ ಬೆಳಿಗ್ಗೆಯ ಲೋಕಲ್ಲಿನಲ್ಲಿ ಬಂದು, ಉಪಕರಣದ ಚೀಲವನ್ನು ಪಕ್ಕಕ್ಕಿಟ್ಟು ಕೂರುತ್ತಿದ್ದ ಬಡಗಿ. ಯಾರಿಗಾದರೂ ಬಾಗಿಲು ಉಜ್ಜುತ್ತಿದ್ದರೆ, ಬಿಜಾಗರಿ ಸಡಿಲವಾದರೆ ನಮ್ಮಲ್ಲಿ ಬಂದು ಕೇಳುವರು, ನಾವು ಅವನ ಕಡೆ ಕೈ ತೋರಿಸುವೆವು. ನನಗಿಂತ ಸಣ್ಣವನು, ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾನೆ. ಅವನಿಗೂ ಮಾವನಿಗೂ ಒಂದು ಮುಗಿಯದ ಜಗಳವಿತ್ತು. ಉಳಿದ ಎಲ್ಲ ಬಡಗಿಗಳಂತೆ ಅವನೂ ಸ್ಕ್ರೂವನ್ನು ಮುಕ್ಕಾಲು ಪಾಲು ಸುತ್ತಿಗೆಯಿಂದ ಹೊಡೆದು, ಕೊನೆಯ ಎರಡು ಸುತ್ತನ್ನು ಮಾತ್ರ ತಿರುಗಿಸುತ್ತಿದ್ದ. ಮಾವನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಹೊಡೆಯುವುದಾದರೆ ಮೊಳೆ ಒಯ್ಯಿ, ಸ್ಕ್ರೂವಿಗೆ ಯಾಕೆ ಅವಮಾನ ಮಾಡುತ್ತಿ ಎನ್ನುವರು. ಹೊಡೆದ ಸ್ಕ್ರೂ ಮರದ ನಾರನ್ನು ಹರಿದುಕೊಂಡು ಹೋಗುತ್ತದೆ. ತಿರುಗಿಸಿದ್ದು ನಾರಿನ ನಡುವೆ ದಾರಿ ಮಾಡಿಕೊಂಡು ಕಚ್ಚಿ ಕೂರುತ್ತದೆ. ಸಾಗುವಾನಿಗಾದರೆ ಮೊದಲು ಸಣ್ಣ ತೂತು ಕೊರೆದು, ಸ್ಕ್ರೂವಿಗೆ ಸೋಪು ಸವರಿ ತಿರುಗಿಸಬೇಕು. ವಿಠ್ಠಲ ಎಲ್ಲವನ್ನೂ ಕೇಳಿಕೊಂಡು, ಗಲ್ಲಿ ತಿರುಗಿದ ಮೇಲೆ ಸುತ್ತಿಗೆ ತೆಗೆಯುತ್ತಿದ್ದ. ಒಂದು ದಿನ ಅವನ ಚೀಲದಲ್ಲಿ ಸೋಪಿನ ತುಂಡೊಂದನ್ನು ಕಂಡೆ. ಕೈ ತೊಳೆಯಲಿಕ್ಕೆ ಎಂದ. ಅದರ ಮೇಲೆ ಸ್ಕ್ರೂ ಎಳೆದ ಗೀರುಗಳಿದ್ದವು. ಮಾವನಿಗೆ ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡ.

ಆ ವರ್ಷಗಳಲ್ಲಿ ಸಾಗುವಾನು ಹೋಗಿ ಪ್ಲೈವುಡ್ ಬಂತು. ಒಂದೇ ಗೀರಿನ ತಲೆ ಹೋಗಿ ಸ್ಟಾರ್ ತಲೆ ಬಂತು, ಕೈಯ ಬದಲು ಡ್ರಿಲ್ ಮಷಿನ್ನು. ಕೊನೆಗೆ ಕಪ್ಪು ಸ್ಕ್ರೂ ಬಂತು. ಸೂಜಿಯಂಥ ಮೊನೆ, ತೆಳ್ಳಗಿನ ಮೈ, ಮಷಿನ್ನಿಗೆ ಹಿಡಿದರೆ ಬೆಣ್ಣೆಗೆ ಹೋದಂತೆ ಹೋಗುತ್ತಿತ್ತು. ಜಿಪ್ಸಮ್ ಹಲಗೆಯ ಸೀಲಿಂಗಿಗೆಂದು ಮಾಡಿದ ಸ್ಕ್ರೂ ಅದು. ಆದರೆ ಬಡಗಿಗಳು ಎಲ್ಲದಕ್ಕೂ ಅದನ್ನೇ ಕೇಳತೊಡಗಿದರು. ನನಗೂ ಅದು ಬಹಳ ಇಷ್ಟವಾಗಿತ್ತು, ನಿಜ ಹೇಳಬೇಕು. ಕಪ್ಪು ಬಟ್ಟೆಯ ಮೇಲೆ ಕಪ್ಪು ಸ್ಕ್ರೂ ಕಾಣದೆಂದು ಅದಕ್ಕೆ ಮಾತ್ರ ಸುತ್ತ ಬಿಳಿ ದಾರದ ಚೌಕಟ್ಟು ಹೊಲಿದಿದ್ದೆ.

ನಮ್ಮ ಗಲ್ಲಿಯಲ್ಲೇ ಎದುರಿನ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ದೇಸಾಯಿ ಮಾಸ್ತರರು ಇದ್ದರು. ವಿಜಾಪುರದ ಕಡೆಯವರು, ಇಲ್ಲಿಯೇ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸಣ್ಣಗೆ ಪಾರ್ಶ್ವವಾಯು ಆಗಿ ಬಲಗಾಲು ಎಳೆಯುವ ಹಾಗಾಗಿತ್ತು. ಅದನ್ನೆಲ್ಲ ಸಹಿಸಿಕೊಂಡರು. ಒಂದನ್ನು ಮಾತ್ರ ಸಹಿಸಲಿಲ್ಲ: ಸ್ನಾನಕ್ಕೆ ಇನ್ನೊಬ್ಬರು ಕೈ ಹಿಡಿಯುವುದು. ಮಗಳು ಐರೋಲಿಯಿಂದ ಉಕ್ಕಿನ ಹಿಡಿಕಂಬಿಯೊಂದನ್ನು ತಂದುಕೊಟ್ಟಳು, ಬಾತ್‌ರೂಮಿನ ಗೋಡೆಗೆ ಅಡ್ಡ ಕೂರಿಸುವಂಥದ್ದು. ಅದನ್ನು ಹಾಕಲು ವಿಠ್ಠಲ ಮಿಸ್ತ್ರಿ ಹೋದ.

ಕಂಬಿಯ ಜೊತೆ ಬಂದ ಸ್ಕ್ರೂಗಳು ಗಿಡ್ಡವಾಗಿದ್ದವು. ಮಾಸ್ತರರ ಹೆಂಡತಿ ಇಂದಕ್ಕನಿಗೆ ವಿಠ್ಠಲ, ಕೆಳಗಿನಿಂದ ನಾಲ್ಕು ಉದ್ದದ ಸ್ಕ್ರೂ ತನ್ನಿ, ವಹಿನಿಗೆ ಹೇಳಿದರೆ ಕೊಡುತ್ತಾರೆ ಎಂದು ಹೇಳಿ ಕಳಿಸಿದ. ಲಿಫ್ಟಿಲ್ಲದ ಕಟ್ಟಡ. ಇಂದಕ್ಕ ಇಳಿದು, ಮಳೆಯಲ್ಲಿ ಗಲ್ಲಿ ದಾಟಿ ಬಂದಾಗ ನನ್ನ ಮುಂದೆ ಆರು ಜನ ಗಿರಾಕಿಗಳು. ಇಂದಕ್ಕ ಬಟ್ಟೆಯ ಮೇಲೆ ಬೆರಳಾಡಿಸಿ, ಬಿಳಿ ಚೌಕಟ್ಟಿನ ಮೇಲೆ ನಿಲ್ಲಿಸಿ, ಇದು ಗಟ್ಟಿ ಇರತದೇನು ಎಂದು ಕೇಳಿದರು.

"ಹೊಸದು ಇಂದಕ್ಕ, ಎಲ್ಲರೂ ಇದನ್ನೇ ಒಯ್ಯುತ್ತಾರೆ. ಎಷ್ಟು?"

"ನಾಕು."

ನಾಲ್ಕು ಕೊಟ್ಟೆ. ಎಲ್ಲಿಗೆ ಎಂದು ಕೇಳಲಿಲ್ಲ.

ಮೇಲೆ ವಿಠ್ಠಲ ಪೊಟ್ಟಣ ಬಿಚ್ಚಿ ನೋಡಿ ಅನುಮಾನಿಸಿದನಂತೆ. ಆದರೆ ವಹಿನಿಯ ಕೈಯಿಂದ ಬಂದಿದೆ, ಕೇಳಿಯೇ ಕೊಟ್ಟಿರುತ್ತಾರೆ. ಏದುಸಿರು ಬಿಡುತ್ತಾ ನಿಂತ ಇಂದಕ್ಕನನ್ನು ಇನ್ನೊಮ್ಮೆ ಮೆಟ್ಟಿಲು ಇಳಿಸಲು ಅವನಿಗೆ ಮನಸ್ಸಾಗಲಿಲ್ಲ. ಕೂರಿಸಿದ. ಎಳೆದು ನೋಡಿದ, ಗಟ್ಟಿಯಾಗಿತ್ತು. ಮಾಸ್ತರರು ಮರುದಿನದಿಂದ ಬಾಗಿಲು ಹಾಕಿಕೊಂಡು ತಾವೇ ಸ್ನಾನ ಮಾಡತೊಡಗಿದರು. ಮಹಡಿಯಲ್ಲಿದ್ದವರಿಗೆಲ್ಲ ಅವರ ಗಣಪತಿ ಶ್ಲೋಕ ಬಾತ್‌ರೂಮಿನಿಂದ ಕೇಳುತ್ತಿತ್ತು.

ಕಪ್ಪು ಸ್ಕ್ರೂ ಗಡಸು, ಆದರೆ ಪೆಳಸು. ಬಾಗುವುದಿಲ್ಲ, ಮುರಿಯುತ್ತದೆ. ನೀರು ತಾಗಿದರೆ ಒಳಗೊಳಗೇ ತುಕ್ಕು. ಮೂರು ತಿಂಗಳಿಗೆ, ನವರಾತ್ರಿಯ ಹೊತ್ತಿಗೆ, ಒಂದು ಬೆಳಿಗ್ಗೆ ಕಂಬಿ ಮಾಸ್ತರರ ಕೈಗೇ ಬಂತು. ಬಿದ್ದರು. ದೊಡ್ಡ ಪೆಟ್ಟಾಗಲಿಲ್ಲ, ಬಕೆಟ್ಟು ತಡೆಯಿತು. ಮಣಿಕಟ್ಟು ಉಳುಕಿತು, ಅಷ್ಟೇ. ಆದರೆ ಅವರು ಬಾತ್‌ರೂಮಿನ ಬಾಗಿಲು ಹಾಕುವುದನ್ನು ನಿಲ್ಲಿಸಿದರು. ಇಂದಕ್ಕ ಕೈ ಹಿಡಿದು ಕೂರಿಸಿ ನೀರು ಹಾಕುವುದೆಂದಾಯಿತು. ಶ್ಲೋಕ ಕೇಳುವುದು ನಿಂತಿತು.

ಗಲ್ಲಿಯಲ್ಲಿ ಎಲ್ಲರೂ ವಿಠ್ಠಲನ ಹೆಸರು ಹೇಳಿದರು. ಕಂಬಿ ಹಾಕಿದವನು ಅವನು ತಾನೆ? ಸುತ್ತಿಗೆಯಿಂದ ಸ್ಕ್ರೂ ಹೊಡೆಯುತ್ತಾನೆ ಎಂದು ನಮ್ಮ ಮಾವನೇ ಹತ್ತು ವರ್ಷ ಎಲ್ಲರೆದುರು ಬೈದಿದ್ದು ಈಗ ಅವನಿಗೆ ಮುಳುವಾಯಿತು. ಯಾವ ಮನೆಯಿಂದಲೂ ಕರೆ ಬರಲಿಲ್ಲ. ಅವನು ಮಾತ್ರ ಬೆಳಿಗ್ಗೆ ಬಂದು ಮೆಟ್ಟಿಲ ಮೇಲೆ ಕೂತು, ಸಂಜೆ ಎದ್ದು ಹೋಗುತ್ತಿದ್ದ. ಸ್ಕ್ರೂ ಕೊಟ್ಟವರು ಯಾರೆಂದು ಒಮ್ಮೆಯೂ ಬಾಯಿ ಬಿಡಲಿಲ್ಲ.

ನನಗೆ ಗೊತ್ತಾದದ್ದು ಇಂದಕ್ಕ ಆ ಕಂಬಿಯನ್ನು ಚೀಲದಲ್ಲಿ ಹಾಕಿ ಅಂಗಡಿಗೆ ತಂದಾಗ. ಮನೆಯಲ್ಲಿ ಕಣ್ಣಿಗೆ ಬಿದ್ದರೆ ಇವರಿಗೆ ಸಿಟ್ಟು ಬರುತ್ತದೆ, ಇಲ್ಲಿರಲಿ ಎಂದು ಬಿಟ್ಟುಹೋದರು. ಕಂಬಿಯ ಕಿವಿಯ ತೂತಿನಲ್ಲಿ ಮುರಿದ ಎರಡು ತಲೆಗಳು ಸಿಕ್ಕಿಕೊಂಡಿದ್ದವು. ಕಪ್ಪು ತಲೆಗಳು. ಅವುಗಳನ್ನು ಬೆರಳಿನಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆ. ಮಳೆ, ಆರು ಗಿರಾಕಿಗಳು, "ನಾಕು" ಎಂದ ದನಿ, ಎಲ್ಲ ನೆನಪಾಯಿತು.

ಆ ಮಧ್ಯಾಹ್ನವೇ ಮಾವನಿಗೆ ಹೇಳಿದೆ. ಅವರು ಊಟ ಮಾಡುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಹೇಳ್ಬೇಡ," ಎಂದರು. "ಒಂದು ಸಲ ಅಂಗಡಿಯವರೇ ತಪ್ಪು ಅಂತ ಒಪ್ಪಿದ್ರೆ, ನಾಳೆಯಿಂದ ಯಾರ ಮನೆಯಲ್ಲಿ ಏನು ಬಿದ್ರೂ ಇಲ್ಲಿಗೆ ತರ್ತಾರೆ. ಮಿಸ್ತ್ರಿಗೆ ನಾನು ಎಂತಾದರೂ ಕೆಲಸ ಹುಡುಕಿ ಕೊಡ್ತೇನೆ."

ಅವರು ಕೆಟ್ಟವರಾಗಿರಲಿಲ್ಲ. ಬದುಕನ್ನೇ ಆ ಅಂಗಡಿಗೆ ಹಾಕಿದವರು. ಒಂಬತ್ತು ದಿನ ಸುಮ್ಮನಿದ್ದೆ. ಮೆಟ್ಟಿಲ ಮೇಲೆ ಕುಳಿತ ವಿಠ್ಠಲನಿಗೆ ಚಹಾ ಕೊಡುವಾಗ ಮುಖ ನೋಡಲಾಗುತ್ತಿರಲಿಲ್ಲ. ಅವನ ಚಪ್ಪಲಿ ನೋಡುತ್ತಿದ್ದೆ. ಎಡದ್ದರ ಪಟ್ಟಿಗೆ ನಮ್ಮ ಅಂಗಡಿಯದೇ ಅರ್ಧ ಇಂಚಿನ ಸ್ಕ್ರೂ ಹಾಕಿ ರಿಪೇರಿ ಮಾಡಿಕೊಂಡಿದ್ದ.

ಹತ್ತನೆಯ ದಿನ ಅವನು ಉಪಕರಣದ ಚೀಲವನ್ನು ಕೌಂಟರಿನ ಮೇಲಿಟ್ಟ. ಟಿಟ್ವಾಳಾದ ಹೊಸ ಕಾಂಪ್ಲೆಕ್ಸಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿದೆಯಂತೆ, ಅಲ್ಲಿ ಇದು ಬೇಡ, ಸ್ವಲ್ಪ ದಿನ ಇಲ್ಲಿ ಇಟ್ಟುಕೊಳ್ಳುತ್ತೀರಾ ವಹಿನಿ ಎಂದ. ನಾನು ಚೀಲ ತೆಗೆದುಕೊಂಡೆ. ಮೇಲೆಯೇ ಸೋಪಿನ ತುಂಡು ಇತ್ತು, ಸವೆದು ಸವೆದು ಬಿಲ್ಲೆಯ ಹಾಗೆ ತೆಳ್ಳಗಾಗಿತ್ತು. ನಾಳೆಯವರೆಗೆ ತಡಿ ಎಂದು ಅವನಿಗೆ ಹೇಳಿ, ಗಂಡನನ್ನು ಕೌಂಟರಿಗೆ ಕೂರಿಸಿ, ನೇರ ಮಾಸ್ತರರ ಮನೆಯ ಮೆಟ್ಟಿಲು ಹತ್ತಿದೆ.

ಮಾಸ್ತರರು ಕಿಟಕಿಯ ಹತ್ತಿರ ಕುಳಿತಿದ್ದರು. ಇಂದಕ್ಕ ಅವರ ಒದ್ದೆ ತಲೆ ಒರೆಸುತ್ತಿದ್ದರು. ನಾನು ಎರಡು ಕಪ್ಪು ತಲೆಗಳನ್ನು ಟೀಪಾಯಿಯ ಮೇಲಿಟ್ಟು, ಕೊಟ್ಟದ್ದು ನಾನು, ಕೊಡಬಾರದ ಸ್ಕ್ರೂ ಕೊಟ್ಟೆ, ವಿಠ್ಠಲನ ಕೈಯಲ್ಲಿ ತಪ್ಪಿಲ್ಲ ಎಂದೆ.

ಮಾಸ್ತರರು ತಲೆಗಳನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಯಾವಾಗ ಗೊತ್ತಾತು?"

"ಒಂಬತ್ತು ದಿನ ಆಯಿತು ಸರ್."

"ಒಂಬತ್ತ ದಿನಾ ಏನ್ ಮಾಡ್ತಿದ್ರಿ?"

"ಹೆದರಿಕೊಂಡಿದ್ದೆ."

"ನನಗ ಹೆದರಿದ್ರೇನು?"

"ಅಲ್ಲ ಸರ್. ಮಾವನಿಗೆ."

ಅವರು ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು ಎಂದು ಇಂದಕ್ಕ ಆಮೇಲೆ ಹೇಳಿದರು. ನಗು ನಿಂತ ಮೇಲೆ, ಕಂಬಿ ಮತ್ತೆ ಹಾಕಿಸಿದರೂ ತಾನು ಹಿಡಿಯುವುದಿಲ್ಲ ಎಂದರು. ಕೈ ಒಮ್ಮೆ ಮೋಸ ಹೋಗಿದೆ, ಅದಕ್ಕೆ ಲೆಕ್ಕ ಕಲಿಸಿದ ಹಾಗೆ ಕಲಿಸಲಾಗುವುದಿಲ್ಲ ಎಂದರು. "ಹಿಡೀಬೇಕು ಅಂದ್ರ, ಮೊದಲ ನಿಮ್ಮ ಮಾವ ಬಂದು ಅದಕ್ಕ ಜೋತುಬೀಳಲಿ. ಆಮ್ಯಾಲ ನೋಡೋಣು."

ಅವರು ಅದನ್ನು ಆಗದ ಮಾತೆಂದೇ ಆಡಿದ್ದರು. ನಾನು ಹಾಗೆಯೇ ಬಂದು ಮಾವನಿಗೆ ಹೇಳಿದೆ. ಹೇಳಬೇಡವೆಂದದ್ದನ್ನು ಹೇಳಿದ್ದೇನೆ ಎಂದೂ ಹೇಳಿದೆ. ಮಾವ ಕಪ್ಪು ಬಟ್ಟೆಯ ಬಿಳಿ ಚೌಕಟ್ಟನ್ನು ನೋಡಿದರು. ಆಮೇಲೆ ಎದ್ದು, ಏಣಿ ಹಾಕಿ, ಮೇಲಿನ ಅರೆಯಿಂದ ಸ್ಟೇನ್‌ಲೆಸ್ ಸ್ಟೀಲಿನ ಡಬ್ಬಿ ತಾವೇ ಇಳಿಸಿದರು.

"ಟೈಲ್ ಎಷ್ಟು ದಪ್ಪ, ಅದರ ಹಿಂದೆ ಗಾರೆ ಎಷ್ಟು? ನೋಡಿ ಬಂದಿಯಾ?"

ನೋಡಿರಲಿಲ್ಲ.

"ಎಂತ ಮಾರಾಯ್ತಿ, ತಪ್ಪು ಒಪ್ಪಿ ಬಂದಿ, ಗೋಡೆ ನೋಡಿ ಬರ್ಲಿಲ್ಲ."

ಆ ದಿನ ನಾನು ಕಲಿತದ್ದು ಇದು. ಟೈಲು ಮತ್ತು ಗಾರೆ ಸ್ಕ್ರೂವಿಗೆ ಯಾವ ಹಿಡಿತವನ್ನೂ ಕೊಡುವುದಿಲ್ಲ. ಅವೆರಡನ್ನೂ ದಾಟಿ ಇಟ್ಟಿಗೆಯೊಳಗೆ ಹೋದ ಭಾಗ ಮಾತ್ರ ಭಾರ ಹೊರುವುದು. ಅಲ್ಲಿಯೂ ಸ್ಕ್ರೂ ಒಂದೇ ಹೋದರೆ ಸಾಲದು. ತೂತಿಗೆ ಸರಿಹೊಂದುವ ಪ್ಲಾಸ್ಟಿಕ್ಕಿನ ಗಿಟ್ಟಿ ಮೊದಲು ಹೋಗಿ, ಸ್ಕ್ರೂ ಅದರ ಹೊಟ್ಟೆಯನ್ನು ಉಬ್ಬಿಸಿ ಇಟ್ಟಿಗೆಗೆ ಒತ್ತಬೇಕು. ಅಂಗಡಿಯ ಶಟರನ್ನು ಅರ್ಧ ಎಳೆದು ಮಾವ, ವಿಠ್ಠಲ, ನಾನು ಮೂವರೂ ಹೋದೆವು. ವಿಠ್ಠಲ ಹಳೆಯ ತೂತುಗಳನ್ನು ಬಿಟ್ಟು, ಒಂದು ಗೇಣು ಮೇಲೆ ಹೊಸ ತೂತು ಕೊರೆದ. ಮೊದಲು ಬಿಳಿ ಪುಡಿ ಬಂತು, ಆಮೇಲೆ ಬೂದು, ಆಮೇಲೆ ಕೆಂಪು. ಕೆಂಪು ಬಂದಾಗ ಮಾವ, ಈಗ ಇಟ್ಟಿಗೆ, ಇಲ್ಲಿಂದ ಲೆಕ್ಕ ಹಿಡಿ ಎಂದರು. ವಿಠ್ಠಲ ಸೋಪು ಸವರಿ, ಕೈಯಿಂದ, ಒಂದೊಂದೇ ಸುತ್ತು ತಿರುಗಿಸಿದ. ಮಾವ ಸೋಪನ್ನೇ ನೋಡಿದರು.

ಆಮೇಲೆ ಪಂಚೆ ಎತ್ತಿ ಕಟ್ಟಿದರು. ನಮ್ಮ ಮಾವ ಸಣ್ಣ ಆಳಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಪ್ಪತ್ತೆರಡು ವಯಸ್ಸಿನಲ್ಲಿ, ಮೊಣಕಾಲು ಮಡಚಿ ಎರಡೂ ಪಾದಗಳನ್ನು ನೆಲದಿಂದ ಎತ್ತಿದರು. ಮುಖ ಕೆಂಪಾಯಿತು. ಬಾಗಿಲಲ್ಲಿ ಕೋಲು ಊರಿ ನಿಂತಿದ್ದ ಮಾಸ್ತರರು ಗಟ್ಟಿಯಾಗಿ ಎಣಿಸಿದರು, ಹತ್ತರವರೆಗೆ. ಕಂಬಿ ಅಲುಗಲಿಲ್ಲ.

ಮಾವ ಇಳಿದು, ಉಸಿರು ಸರಿಮಾಡಿಕೊಂಡು ಹೇಳಿದರು: "ಮಾಸ್ಟ್ರೇ, ಅಂಗಡಿ ನನ್ನದು. ಹಾಗಾಗಿ ಆ ತಪ್ಪೂ ನನ್ನದೇ. ಇವಳದ್ದೂ ಅಲ್ಲ, ಇವನದ್ದೂ ಅಲ್ಲ."

ಮಾಸ್ತರರು ನಿಧಾನವಾಗಿ ಬಂದು ಕಂಬಿಯ ಮೇಲೆ ಕೈ ಇಟ್ಟರು. ಮೊದಲು ಬೆರಳು, ಆಮೇಲೆ ಅಂಗೈ. ನಂತರ ಕೋಲನ್ನು ಇಂದಕ್ಕನ ಕೈಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಅವರ ಬಾಲ್ಕನಿಯಿಂದ ಇಡೀ ಗಲ್ಲಿಗೆ ಕೇಳುವ ಹಾಗೆ ಒಂದು ಕೂಗು ಬಂತು: "ವಿಠ್ಠಲರಾವ್, ಚಹಾಕ್ಕ ಮ್ಯಾಲ ಬರ್ರಿ." ಅವನನ್ನು ಅದುವರೆಗೆ ಯಾರೂ ರಾವ್ ಎಂದು ಕರೆದಿರಲಿಲ್ಲ. ಅವನು ಹಿಂದೆ ತಿರುಗಿ, ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಆ ವಾರವೇ ಎರಡು ಮನೆಗಳಿಂದ ಕರೆ ಬಂತು. ಟಿಟ್ವಾಳಾದ ವಾಚ್‌ಮನ್ ಕುರ್ಚಿಗೆ ಬೇರೆ ಯಾರೋ ಹೋದರು.

ನಾನು ಕಪ್ಪು ಬಟ್ಟೆಯನ್ನು ಇಳಿಸಿ ಮತ್ತೆ ಸೂಜಿ ಹಿಡಿದೆ. ಪ್ರತಿ ಸ್ಕ್ರೂವಿನ ಕೆಳಗೆ, ನಂಬರಿನ ಪಕ್ಕ, ಅದು ಎಲ್ಲಿಗೆ ಎಂದು ಹೊಲಿದೆ: ಬಾಗಿಲು, ಪ್ಲೈ, ಗೋಡೆ, ನೀರಿನ ಜಾಗ. ಕಪ್ಪು ಸ್ಕ್ರೂವಿನ ಕೆಳಗೆ ಕೆಂಪು ದಾರದಲ್ಲಿ ಸೀಲಿಂಗ್ ಎಂದು ಮಾತ್ರ. ಅಲ್ಲಿಂದ ಮುಂದೆ ಎಷ್ಟು ಜನ ನಿಂತಿದ್ದರೂ ನನ್ನ ಮೊದಲ ಪ್ರಶ್ನೆ "ಎಲ್ಲಿಗೆ?" ಎಂದಾಯಿತು. ಕೆಲವರಿಗೆ ಸಿಟ್ಟು ಬರುತ್ತಿತ್ತು. ನಾಲ್ಕು ಸ್ಕ್ರೂ ಕೊಳ್ಳಲು ಮನೆಯ ನಕ್ಷೆ ತೋರಿಸಬೇಕೇ ಎಂದು ಒಬ್ಬರು ಕೇಳಿದರು. ತೋರಿಸಿದರೆ ಒಳ್ಳೆಯದು ಎಂದೆ.

ಇದೆಲ್ಲ ಆಗಿ ಹದಿನೆಂಟು ವರ್ಷ. ಮಾವ ಹೋದರು. ಮಾಸ್ತರರು ನಾಲ್ಕು ವರ್ಷದ ಹಿಂದೆ ಹೋದರು. ಹೋಗುವ ಹಿಂದಿನ ವಾರದವರೆಗೂ ಬಾಗಿಲು ಹಾಕಿಕೊಂಡೇ ಸ್ನಾನ ಮಾಡಿದರು. ಈಗ ಆ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಎಲ್ಲರೂ ಖಾಲಿ ಮಾಡುತ್ತಿದ್ದಾರೆ. ಎಂಬತ್ತಾದ ಇಂದಕ್ಕ ಐರೋಲಿಯ ಮಗಳ ಮನೆಗೆ ಹೋದರು. ಪಾತ್ರೆ, ಕಪಾಟು ಎಲ್ಲ ಹಂಚಿದರು. ಒಂದನ್ನು ಮಾತ್ರ ಕೇಳಿದರು. ಆ ಕಂಬಿ ತನಗೆ ಬೇಕು. ಹೊಸದು ಬೇಡ, ಅದೇ. ಈಗ ಅವರ ಕಾಲೂ ನಂಬುವ ಹಾಗಿಲ್ಲ.

ವಿಠ್ಠಲ ಕಂಬಿ ಬಿಚ್ಚಲು ಹೋದ. ಅವನಿಗೂ ಈಗ ತಲೆ ನೆರೆತಿದೆ. ಒಂದು ಗಂಟೆಯ ಕೆಲಸಕ್ಕೆ ಒಂದು ಬೆಳಗಿನ ಹೊತ್ತು ಹಿಡಿಯಿತು. ಅಂಗಡಿಗೆ ಬಂದು, ಬೆವರು ಒರೆಸಿಕೊಂಡು, ಅಷ್ಟು ಗಟ್ಟಿಯಾಗಿ ಹಾಕಿದವನನ್ನು ನಾಲ್ಕು ಮಾತು ಬೈಯಬೇಕೆನಿಸಿತು ವಹಿನಿ ಎಂದ. ನಾನು ಆ ದಿನ ಶ್ರದ್ಧಾಳ ಜೊತೆ ಸುಮ್ಮನೆ ಕೂತಿದ್ದೆ. ಅವನು ನಾಲ್ಕು ಸ್ಕ್ರೂಗಳನ್ನು ಕೌಂಟರಿನ ಮೇಲಿಟ್ಟ. ಹದಿನೆಂಟು ವರ್ಷ ನೀರಿನಲ್ಲಿದ್ದರೂ ಹೊಳೆಯುತ್ತಿದ್ದವು. ವಿಠ್ಠಲನೂ ನಾನೂ ಅವನ್ನು ಮಕ್ಕಳ ಹಾಗೆ ಎತ್ತಿ ಎತ್ತಿ ನೋಡಿದೆವು. ಇವನ್ನೇ ಅಲ್ಲಿಯೂ ಹಾಕೋಣ ಎಂದು ಇಬ್ಬರಿಗೂ ಒಟ್ಟಿಗೆ ಅನಿಸಿತು. ನಾನು ಹೊಸ ಗಿಟ್ಟಿ ನಾಲ್ಕು ಸೇರಿಸಿ ಕಾಗದದಲ್ಲಿ ಕಟ್ಟತೊಡಗಿದೆ.

ಶ್ರದ್ಧಾ ಪೊಟ್ಟಣದ ಮೇಲೆ ಕೈ ಇಟ್ಟಳು.

"ಕಾಕೂ, ಭಿಂತ ಕಸಲೀ ಆಹೇ?"

ಗೋಡೆ ಯಾವುದರದ್ದು ಎಂದು ಕೇಳುತ್ತಿದ್ದಳು. ನಾನು ವಿಠ್ಠಲನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ.

ಐರೋಲಿಯದು ಹೊಸ ಟವರ್. ಶ್ರದ್ಧಾ ಫೋನಿನಲ್ಲಿ ಇಂದಕ್ಕನ ಮಗಳಿಗೆ, ಬಾತ್‌ರೂಮಿನ ಗೋಡೆಯನ್ನು ಆಚೆ ಬದಿಯಿಂದ ಬಡಿದು ಕೇಳಿಸಿ ಎಂದಳು. ಟೊಳ್ಳು ಸದ್ದು. ಈಗಿನ ಕಟ್ಟಡಗಳಿಗೆ ಹಾಕುವ ಬಿಳಿಯ ಹಗುರ ಬ್ಲಾಕಿನ ಗೋಡೆ. ಕೊರೆದರೆ ಕೆಂಪು ಪುಡಿ ಬರುವುದೇ ಇಲ್ಲ, ರವೆಯ ಹಾಗೆ ಬಿಳಿ ಉದುರುತ್ತದೆ. ಕಲ್ಯಾಣದಲ್ಲಿ ಅವಳ ತವರಿನ ಹೊಸ ಫ್ಲಾಟಿನಲ್ಲಿ ಪರದೆಯ ಕೋಲು ಗಿಟ್ಟಿ ಸಮೇತ ಎರಡು ಸಲ ಕಿತ್ತುಬಂದಿತ್ತಂತೆ. ಈ ಸ್ಕ್ರೂ, ಈ ಗಿಟ್ಟಿ ಅಲ್ಲಿ ನಿಲ್ಲುವುದಿಲ್ಲ, ಅಜ್ಜಿ ಬೀಳುತ್ತಾರೆ ಎಂದಳು. ಆಚೆ ಬದಿಯಲ್ಲಿ ಏನಿದೆ ಎಂದು ಮತ್ತೆ ಕೇಳಿದಳು. ಮಲಗುವ ಕೋಣೆಯ ಕಪಾಟು. ಹಾಗಾದರೆ ಸ್ಕ್ರೂವೇ ಬೇಡ, ಗೋಡೆಯ ಆರ್‌ಪಾರ್, ಈಚೆಯಿಂದ ಆಚೆಗೆ, ಬೋಲ್ಟ್ ಹೋಗಲಿ, ಕಪಾಟಿನೊಳಗೆ ಸ್ಟೀಲ್ ಪ್ಲೇಟು ಇಟ್ಟು ನಟ್ಟು ಬಿಗಿಯಲಿ, ಯಾರಿಗೂ ಕಾಣುವುದಿಲ್ಲ. ಪಕ್ಕದಲ್ಲೇ ಖಾಡಿ, ಸಮುದ್ರದ ಉಪ್ಪುಗಾಳಿ ಇದೆ, ಎಲ್ಲ ಸ್ಟೇನ್‌ಲೆಸ್ಸೇ ಇರಲಿ ಎಂದು ಡಬ್ಬಿ ಇಳಿಸಿದಳು. ನನಗೆ ಮಾವನ ಏಣಿ ನೆನಪಾಯಿತು.

ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೆ ಹೇಳಬೇಕೆಂದೇ ಇದನ್ನು ಬರೆದದ್ದು. ಎಲ್ಲಿಗೆ ಎಂಬ ಪ್ರಶ್ನೆಯನ್ನು ಹದಿನೆಂಟು ವರ್ಷ ಬೇರೆಯವರಿಗೆಲ್ಲ ಕೇಳಿದವಳು, ಪ್ರೀತಿಯ ಕೆಲಸ ಬಂದಾಗ ನಾನೇ ಮರೆತೆ. ಪ್ರೀತಿಯ ಕೆಲಸದಲ್ಲೇ ಮರೆಯುವುದು ಹೆಚ್ಚು.

ಕಂಬಿಗೆ ಟವಲ್ ಸುತ್ತಿ, ನಾನೂ ವಿಠ್ಠಲನೂ ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋದೆವು. ಲೇಡೀಸ್ ಡಬ್ಬಿಯಲ್ಲಿ ಪಕ್ಕದವಳು ಅದೇನು, ವೀಣೆಯೇ ಎಂದು ಕೇಳಿದಳು. ವಿಠ್ಠಲ ನಿಧಾನವಾಗಿ ಕೊರೆದ. ಶ್ರದ್ಧಾ ಹೇಳಿದ ಹಾಗೆಯೇ ರವೆ ಉದುರಿತು. ಬೋಲ್ಟುಗಳು ಆಚೆ ಹೊರಟು ಕಪಾಟಿನಲ್ಲಿ ಮೂತಿ ತೋರಿಸಿದವು. ಪ್ಲೇಟು ಇಟ್ಟು ನಟ್ಟು ಬಿಗಿದ ಮೇಲೆ ನಾನು ಕಪಾಟಿನೊಳಗೆ ತಲೆ ಹಾಕಿ ನೋಡಿದೆ. ಮಡಚಿಟ್ಟ ಸೀರೆಗಳ ಹಿಂದೆ, ಯಾರೂ ನೋಡದ ಜಾಗದಲ್ಲಿ, ನಾಲ್ಕೂ ನಟ್ಟುಗಳು ಒಂದೇ ಮಟ್ಟಕ್ಕೆ ಕೂತಿದ್ದವು. ಸಿಸ್ಟರ್ ಆಗ್ನೆಸ್ ಆಗಿದ್ದರೆ ಪೂರ್ತಿ ಮಾರ್ಕು ಕೊಡುತ್ತಿದ್ದರು.

ಯಾರು ಮೊದಲು ಜೋತುಬೀಳುವುದೆಂಬ ಮಾತೇ ಬರಲಿಲ್ಲ. ಸೆರಗು ಸಿಕ್ಕಿಸಿ ನಾನೇ ಹೋದೆ. ಪಾದ ಎತ್ತಿದೆ. ಇಂದಕ್ಕ ಬಾಗಿಲಲ್ಲಿ ನಿಂತು, ಮಾಸ್ತರರ ಹಾಗೆಯೇ ಗಟ್ಟಿಯಾಗಿ ಹತ್ತರವರೆಗೆ ಎಣಿಸಿದರು. ಆಮೇಲೆ ಬಂದು, ಕಂಬಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿ, ಹಿಡಿದುಕೊಂಡರು.

"ಆತು, ಇನ್ನ ನೀವು ಹೊರಗ ನಡೀರಿ," ಎಂದು ನಮ್ಮನ್ನು ಕಳಿಸಿ ಬಾಗಿಲು ಹಾಕಿಕೊಂಡರು. ಮಗಳು ಚಹಾಕ್ಕೆ ಇಟ್ಟಳು. ಒಳಗಿನಿಂದ ತಂಬಿಗೆಯ ಸದ್ದು ಬರತೊಡಗಿತು.

ನಾನು ಶ್ರದ್ಧಾಳಿಗೆ ಫೋನ್ ಮಾಡಿದೆ. ಅವಳು ಹೇಗಾಯಿತು ಎಂದು ಕೇಳಲಿಲ್ಲ; ನಟ್ಟನ್ನು ಎರಡನೆಯ ಸಲ ಬಿಗಿದು ನೋಡಿದಿರಾ ಎಂದಳು. ನೋಡಿದೆವು ಎಂದೆ. ಸರಿ ಕಾಕೂ, ಗಿರಾಕಿ ಇದ್ದಾರೆ, ಆಮೇಲೆ ಮಾತಾಡೋಣ ಎಂದು ಫೋನನ್ನು ಕೌಂಟರಿನ ಮೇಲಿಟ್ಟಳು, ಕಟ್ ಮಾಡಲು ಮರೆತಿದ್ದಳು. ಹಾಗಾಗಿ ಅವಳು ಎದುರಿನವರನ್ನು ಕೇಳುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು:

"ಕುಠೇ ಲಾವಾಯ್ಚೇ ಆಹೇತ?"

ಎಲ್ಲಿಗೆ ಹಾಕುವುದು ಇವನ್ನು?